ಆರು ಮೀಸೆಯ ಎಂಜಿನ್

ಕಳೆದ ತಿಂಗಳು ನಾನೊಂದು ರೈಲು ನಿಲ್ಲಿಸಿದೆ. ಕೆಂಪು ಬಾವುಟ ಬೀಸಿ ಅಲ್ಲ, ಸರಪಳಿ ಎಳೆದೂ ಅಲ್ಲ. ಅರ್ಧ ಚಮಚ ತೆಂಗಿನೆಣ್ಣೆ ಹಾಕಿ.

ಗಾಬರಿ ಬೇಡ. ನಮ್ಮೂರಿನ ಮೇಲೆ ಹಾದು ಹೋಗುವ ದೊಡ್ಡ ರೈಲುಗಳೆಲ್ಲ ಕ್ಷೇಮವಾಗಿವೆ. ನಾನು ನಿಲ್ಲಿಸಿದ್ದು ಅಂಗೈ ಮೇಲೆ ಕೂರುವ ರೈಲು ಎಂಜಿನ್. ಆರು ಚಕ್ರ, ಹಿತ್ತಾಳೆಯ ಮೈ, ಹೊಟ್ಟೆಯೊಳಗೆ ಹೆಬ್ಬೆರಳಿನ ತುದಿಯಷ್ಟು ಮೋಟಾರು. ಹಳಿಯ ಮೇಲಿಟ್ಟು ಕರೆಂಟು ಕೊಟ್ಟರೆ ಓಡುತ್ತದೆ. (ಓಡುತ್ತಿತ್ತು ಎನ್ನಬೇಕು. ನನ್ನ ಕೈಗೆ ಸಿಗುವ ತನಕ.)

ಆಟಿಕೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಯಾರಾದರೂ ಹಾಗಂದರೆ ಜಗಳಕ್ಕೆ ನಿಲ್ಲುತ್ತೇನೆ.

ಎಂಜಿನ್ ಮಾಡಿದವರು ಗಿರಿಜಕ್ಕ. ಕುಂದಾಪುರದ ಕೋಡಿಯಲ್ಲಿ ನಮ್ಮ ಮನೆಯಿಂದ ಮೂರನೇ ಮನೆ. ಮೀನುಗಾರರ ಕುಟುಂಬ. ಮದುವೆಯಾಗಿ ಮುಂಬೈಗೆ ಹೋದವರು ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು ತಮ್ಮನ ಮನೆಯಲ್ಲಿದ್ದಾರೆ. ಆ ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದದ್ದು ರಿಲೇ. ಅಂದರೆ, ಕರೆಂಟು ಬಂದ ಕೂಡಲೇ ತನ್ನಷ್ಟಕ್ಕೆ ಟಕ್ ಎಂದು ಮುಚ್ಚಿಕೊಳ್ಳುವ ಪುಟ್ಟ ಸ್ವಿಚ್ಚು. ಅದರೊಳಗೆ ತೆಳ್ಳನೆಯ ಲೋಹದ ಪಟ್ಟಿಗಳಿರುತ್ತವೆ. ಆ ಪಟ್ಟಿ ಎಷ್ಟು ಒತ್ತಬೇಕೋ ಅಷ್ಟೇ ಒತ್ತುವಂತೆ ಚಿಮಟದಲ್ಲಿ ಬಗ್ಗಿಸುವುದು ಗಿರಿಜಕ್ಕನ ಕೆಲಸ. ಇಪ್ಪತ್ತೆರಡು ವರ್ಷ, ಅದೊಂದೇ.

"ಒತ್ತಡ ಅಳೂಕೆ ಒಂದ್ ಗೇಜ್ ಇದ್ದಿತ್ತ್. ಅದ್ ಕೆಟ್ಟ್ ಹೋರೆ ಸೂಪರ್‌ವೈಸರ್ ಬಂದ್ ನನ್ನನ್ನೇ ಕರೀತಿದ್ದ. ಬೆರಳಗೆ ಮುಟ್ಟಿ ಹೇಳ್ತಿದ್ದೆ, ಇದ್ ಜಾಸ್ತಿ, ಇದ್ ಕಮ್ಮಿ ಅಂದೇಳಿ" ಎಂದು ಒಮ್ಮೆ ಹೇಳಿದ್ದರು. ಹೆಮ್ಮೆಯಿಂದಲೇ ಹೇಳಿದ್ದರು. ಇರಬಾರದೇ ಹೆಮ್ಮೆ?

ರೈಲಿನ ಹುಚ್ಚು ಹಿಡಿದದ್ದೂ ಆ ಕೆಲಸದಿಂದಲೇ. ಅವರು ಬಗ್ಗಿಸಿದ ಪಟ್ಟಿಗಳು ಡಬ್ಬಿ ಸೇರಿ, ಡಬ್ಬಿ ಲಾರಿ ಸೇರಿ ಎಲ್ಲಿಗೋ ಹೋಗುತ್ತಿದ್ದವು.

"ರೈಲ್ವೆ ಸಿಗ್ನಲಿಗೆ ಹೋತ್ತ್ ಅಂತಿದ್ರ್. ನಾವ್ ಒಂದಿನ ಕಂಡವ್ರಲ್ಲ. ಒಂದ್ ದೀಪ ಹತ್ತದ್ದ್ ಸಹ ಕಾಣ್ಲಿಲ್ಲ ಟೀಚರೇ. ನಂಗೆ ಒಂದ್ಸಲ ಆದ್ರೂ ಕರೆಂಟ್ ನಡುದನ್ನ ಕಾಣ್ಕ್ ಅಂದೇಳಿ ಆಸಿ ಇದ್ದಿತ್ತ್."

(ನಾನು ಬ್ರಹ್ಮಾವರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವುದರಿಂದ ಓಣಿಗೆಲ್ಲ ಟೀಚರು. ಈ ಅಂಕಣ ಬರೆಯುತ್ತೇನೆಂದು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಓದಿಲ್ಲ.)

ಮುಂಬೈಯಲ್ಲಿ ಅವರ ಪಕ್ಕದ ಬಿಲ್ಡಿಂಗಿನ ಮುದುಕರೊಬ್ಬರು ಮನೆ ಖಾಲಿ ಮಾಡುವಾಗ ಒಂದು ಡಬ್ಬಿ ಕೊಟ್ಟರಂತೆ. ಒಳಗೆ ಪುಟ್ಟ ಮೋಟಾರು, ಪುಟ್ಟ ಚಕ್ರಗಳು, ಒಂದಷ್ಟು ಹಳಿ. ಉಳಿದದ್ದನ್ನು ಗಿರಿಜಕ್ಕ ಮೊಬೈಲಿನಲ್ಲಿ ಎಲ್ಲೆಲ್ಲಿಯವರೋ ಮಾಡಿದ ವಿಡಿಯೋ ನೋಡಿ ಕಲಿತರು. ಇಂಗ್ಲಿಷ್ ಅರ್ಥ ಆಗುತ್ತದಾ ಎಂದು ಕೇಳಿದೆ. "ಮಾತ್ ಎಂತಕ್ಕೆ? ನಾನ್ ಕೈ ಕಾಂಬುದ್ ಅಷ್ಟೇ" ಎಂದರು. ತಮ್ಮನ ಮನೆಯ ಹಿಂದೆ ಬಲೆ ಇಡುತ್ತಿದ್ದ ಕೋಣೆಯಲ್ಲಿ ಎರಡು ಪ್ಲೈವುಡ್ ಹಲಗೆ ಜೋಡಿಸಿ ಹಳಿ ಹಾಸಿದ್ದಾರೆ. ಮೊಟ್ಟೆಯಾಕಾರದ ಒಂದು ಸುತ್ತು, ಒಂದು ಕಡೆ ಕವಲು. ಸ್ಟೇಷನ್ನಿಲ್ಲ, ಗುಡ್ಡವಿಲ್ಲ, ಪ್ಲಾಸ್ಟಿಕ್ ಮರಗಳಿಲ್ಲ. "ಮರ ಹೊರ್ಗೆ ಇತ್ತಲ್ಲ" ಎನ್ನುತ್ತಾರೆ. ಹಿತ್ತಾಳೆ ತಗಡು ಕತ್ತರಿಸಿ, ಉಜ್ಜಿ, ಬೆಸುಗೆ ಹಾಕಿ ಎಂಜಿನ್ ಮಾಡಲು ಅವರಿಗೆ ಮೂರು ವರ್ಷ ಹಿಡಿದಿದೆ.

ಅಂಥ ಎಂಜಿನ್ನನ್ನು ಕಳೆದ ತಿಂಗಳು ಗಿರಿಜಕ್ಕ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಬೈಂದೂರಿನಲ್ಲಿರುವ ಮಗಳು ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಎರಡು ವಾರ ಅಲ್ಲಿ ಇರಬೇಕು. ಇಲ್ಲಿ ಕೋಣೆ ಸೋರುತ್ತಿದೆ.

"ಟೀಚರೇ, ಇದೊಂದ್ ನಿಮ್ಮನೆಯಗೆ ಇರ್ಲಿ. ಮುಚ್ಚಳ ತೆಗುದ್ ಬೇಡ, ಅಕ್ಕಾ?"

ಅಕ್ಕು, ಆಗಲಿ ಎಂದೆ. ನಾಲ್ಕನೇ ದಿನ ಮುಚ್ಚಳ ತೆಗೆದೆ.

ನೋಡಿ, ಕಡಲ ಬದಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ರೋಗವಿದೆ. ಲೋಹ ಕಂಡರೆ ಎಣ್ಣೆ ಹಾಕುವ ರೋಗ. ಇಲ್ಲಿನ ಉಪ್ಪು ಗಾಳಿ ಏನನ್ನೂ ಬಿಡುವುದಿಲ್ಲ. ಮೆಟ್ಟುಕತ್ತಿಗೆ ಎಣ್ಣೆ, ದೋಸೆ ಕಾವಲಿಗೆ ಎಣ್ಣೆ, ಬಾಗಿಲ ಬಿಜಾಗರಿಗೆ ಎಣ್ಣೆ, ಸೈಕಲ್ ಚೈನಿಗೆ, ಹೊಲಿಗೆ ಮಿಷನ್ನಿಗೆ, ಬಾವಿಯ ರಾಟೆಗೆ ಎಣ್ಣೆ. ಮಳೆಗಾಲದಲ್ಲಿ ಎಣ್ಣೆ ಸವರದೆ ಕಬ್ಬಿಣ ಬಿಟ್ಟವಳನ್ನು ನನ್ನ ಅಜ್ಜಿ ಹೆಂಗಸು ಎಂದೇ ಒಪ್ಪುತ್ತಿರಲಿಲ್ಲ. ಡಬ್ಬಿ ತೆರೆದರೆ ಚಕ್ರದ ಮೇಲೆ ಮಾಸಲು ಕಂದು ಕಲೆ. ನನ್ನ ಕೈ ತಾನಾಗಿ ಅಡುಗೆಮನೆಯ ಎಣ್ಣೆ ಗಿಂಡಿಗೆ ಹೋಯಿತು. ಆರು ಚಕ್ರಕ್ಕೂ ಚೆನ್ನಾಗಿ ಸವರಿದೆ. ಹೆಚ್ಚಾದದ್ದನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದೆ. ಪಳಪಳ ಎಂದಿತು. ಗಿರಿಜಕ್ಕ ಖುಷಿಪಡುತ್ತಾರೆ ಅಂದುಕೊಂಡೆ.

ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ. ಮನೆಗಳಲ್ಲಿ ಆಗುವ ಹೆಚ್ಚಿನ ಅನಾಹುತಗಳು ಹಾಗೇ ಅಲ್ಲವೇ?

ಮಂಗಳವಾರ ಗಿರಿಜಕ್ಕ ಬಂದರು. ಸಂಜೆ ಡಬ್ಬಿ ಹಿಡಿದುಕೊಂಡು ಹೋದೆ. ಎಂಜಿನ್ನನ್ನು ಹಳಿಯ ಮೇಲಿಟ್ಟು, ಕರೆಂಟಿನ ಗುಂಡಿ ತಿರುಗಿಸಿದರು. ಎಂಜಿನ್ ಒಮ್ಮೆ ಬೆಚ್ಚಿತು. ಅರ್ಧ ಇಂಚು ಹಾರಿ ನಿಂತಿತು. ಬೆರಳಲ್ಲಿ ನೂಕಿದರೆ ಮತ್ತೆ ಅರ್ಧ ಇಂಚು. ಗಿರಿಜಕ್ಕ ತಮ್ಮ ಕೈಯನ್ನು ಮೂಗಿನ ಹತ್ತಿರ ತಂದರು.

"ಟೀಚರೇ, ಇದಕ್ಕೆ ಎಣ್ಣೆ ಸ್ನಾನ ಮಾಡ್ಸಿದ್ರ್ಯಾ?"

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವರು ಎಂಜಿನ್ನನ್ನು ಮಗುಚಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಳಗಿನಿಂದ ಎರಡು ಸ್ಕ್ರೂ ಬಿಚ್ಚಿ ಒಂದು ತೆಳು ಫಲಕ ಹೊರತೆಗೆದು ನನ್ನ ಕಣ್ಣ ಮುಂದೆ ಹಿಡಿದರು. ಫಲಕದ ಎರಡೂ ಬದಿಗೆ ಮೂರು ಮೂರರಂತೆ ಆರು ಹೊಂಬಣ್ಣದ ಎಳೆಗಳು, ಸಿಗಡಿಯ ಮೀಸೆಯ ಹಾಗೆ. ಎಲ್ಲ ಆರೂ ದಿಕ್ಕಾಪಾಲಾಗಿ ಸೊಟ್ಟಗಾಗಿದ್ದವು. ನನ್ನ ಬನಿಯನ್ ಬಟ್ಟೆಯ ಪ್ರತಾಪ.

"ಎಣ್ಣಿ ಆದ್ರೆ ತೊಳುಲಕ್ಕಿತ್. ಇದ್..." ಎಂದು ನಿಲ್ಲಿಸಿದರು. ಫಲಕವನ್ನು ಮೇಜಿನ ಮೇಲಿಟ್ಟು, "ಆಯ್ತವಾರ ಸುಶೀಲ ಬತ್ಲ್. ಮುಂಬೈಯಿಂದ. ಕೊಲ್ಲೂರಿಗೆ ಬಪ್ಪುದ್, ಹಾಂಗೆ ಇಲ್ಲಿಗೂ ಬತ್ಲ್. ಡಿಪಾರ್ಟ್‌ಮೆಂಟಿನ ಇನ್ನಿಬ್ರೂ ಇದ್ರ್. ರೈಲ್ ತೋರ್ಸ್ತೆ ಅಂದಿದೆ" ಎಂದರು.

ಸುಶೀಲಕ್ಕನ ಬಗ್ಗೆ ಮೊದಲೇ ಕೇಳಿದ್ದೆ. ಮೂಲ ಶಿರೂರಿನವರು. ಫ್ಯಾಕ್ಟರಿಯಲ್ಲಿ ಗಿರಿಜಕ್ಕನ ಪಕ್ಕದ ಸ್ಟೂಲು. ಒಂದೇ ಬಲ್ಬಿನ ಕೆಳಗೆ ಹತ್ತೊಂಬತ್ತು ವರ್ಷ.

"ಆಯ್ತವಾರಕ್ಕೆ ಇನ್ನೂ ಐದು ದಿನ ಇದೆಯಲ್ಲ ಗಿರಿಜಕ್ಕ, ನಿಮ್ಮ ಕೈಯಲ್ಲಿ ಒಂದು ಗಂಟೆಯ ಕೆಲಸ" ಎಂದೆ, ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲು.

ಗಿರಿಜಕ್ಕ ಮೇಜಿನ ಮೇಲಿದ್ದ, ಮೀಸೆ ಕತ್ತರಿಸಿ ಉಳಿದ ಫ್ಯಾಕ್ಟರಿಯ ಒಂದು ಬಿಡಿ ಪಟ್ಟಿಯನ್ನು ಬಲಗೈಯಲ್ಲಿ ಎತ್ತಿಕೊಂಡರು. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹೊಸೆದರು. ಅರ್ಧದಲ್ಲಿ ಪಟ್ಟಿ ಜಾರಿ ಮಡಿಲಿಗೆ ಬಿತ್ತು. ಗಿರಿಜಕ್ಕನ ಬೆರಳುಗಳು ಹೊಸೆಯುತ್ತಲೇ ಇದ್ದವು. ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

"ಬಿತ್ತು" ಎಂದೆ.

"ಬಿತ್ತಾ? ಕಾಣಿ, ಹೀಂಗೆ" ಎಂದರು. "ಸಕ್ರೆ ಕಾಯ್ಲಿ. ಬೆರಳ್ ತುದಿಯಗೆ ಜೀವ ಇಲ್ಲೆ. ಒಂದ್ ವರ್ಷ ಆಯ್ತ್. ಯಾರಿಗೂ ಹೇಳ್ಲಿಲ್ಲ. ಸುಶೀಲಂಗೆ ಗೊತ್ತಾಪುದ್ ಬ್ಯಾಡ ಟೀಚರೇ. ಅವ್ಳ್ ಕಣ್ಣಗೆ ನಾನ್ ಇನ್ನೂ ಆ ಗಿರಿಜಾ."

ಏನು ಮಾಡಿದ್ದೇನೆಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಆ ಆರು ಮೀಸೆಗಳು, ಬೆರಳಿನಲ್ಲಿ ಜೀವವಿದ್ದಾಗ ಅವರು ಮಾಡಿಟ್ಟ ಕೊನೆಯ ಆರು. ಗೆಳತಿಯರ ಮುಂದೆ ಅವು ಎಂಜಿನ್ ಓಡಿಸಿದರೆ ಸಾಕಿತ್ತು. ಅಷ್ಟೇ ಆಸೆಯಿತ್ತು ಅವರಿಗೆ. ಅದನ್ನೇ ನಾನು ಬನಿಯನ್ ಬಟ್ಟೆಯಲ್ಲಿ ಒರೆಸಿ ಹಾಕಿದ್ದೆ.

"ನಾನು ಬಗ್ಗಿಸುತ್ತೇನೆ. ನೀವು ಹೇಳಿಕೊಡಿ" ಎಂದೆ. ಸೂಜಿಗೆ ದಾರ ಪೋಣಿಸಲು ಮೂರು ಸಲ ಪ್ರಯತ್ನಿಸುವ ಹೆಂಗಸು ನಾನು. ಬೇರೆ ದಾರಿ ಇರಲಿಲ್ಲ.

ಬುಧವಾರ ಶಾಲೆ ಬಿಟ್ಟ ಮೇಲೆ ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೇಡಿ ಒಂದು ಸಣ್ಣ ಶೀಶೆ ಸ್ಪಿರಿಟ್ ತಂದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಒಂದೊಂದೇ ಚಕ್ರ ತೊಳೆದೆವು. ಮಳೆಗಾಲದ ತಂಪಿಗೆ ಎಣ್ಣೆ ಅರ್ಧ ಹೆಪ್ಪುಗಟ್ಟಿ, ಧೂಳು ಹಿಡಿದು, ಬೂದು ಮೇಣವಾಗಿತ್ತು. ಇಷ್ಟು ತೆಳ್ಳಗಿನ ಪೊರೆ ಸಾಕಂತೆ ಕರೆಂಟು ತಡೆಯಲು.

ತೊಳೆಯುತ್ತಾ ಗಿರಿಜಕ್ಕ ಹೇಳಿದ್ದನ್ನು ಕೇಳಿ ನಾನು ನಿಜಕ್ಕೂ ಬಾಯಿಬಿಟ್ಟು ಕುಳಿತೆ.

ಈ ಎಂಜಿನ್ನಿಗೆ ಬ್ಯಾಟರಿ ಇಲ್ಲ. ಕರೆಂಟು ಬರುವುದು ಹಳಿಯಲ್ಲಿ. ಎಡದ ಹಳಿಯಿಂದ ಎಡದ ಚಕ್ರಕ್ಕೆ ಹತ್ತಬೇಕು. ಚಕ್ರ ತಿರುಗುತ್ತಿದೆಯಲ್ಲ, ಅದಕ್ಕೆ ವಯರು ಕಟ್ಟಲು ಬರುತ್ತದೆಯೇ? ಸುತ್ತಿಕೊಂಡು ಹರಿದು ಹೋಗುತ್ತದೆ. ಅದಕ್ಕೇ ಈ ಮೀಸೆ. ಅದು ಚಕ್ರದ ಹಿಂಬದಿಗೆ ಸುಮ್ಮನೆ ತಾಗಿಕೊಂಡಿರುತ್ತದೆ. ತಿರುಗುವ ಚಕ್ರದಿಂದ ಕರೆಂಟು ಮೀಸೆಗೆ, ಮೀಸೆಯಿಂದ ಮೋಟಾರಿಗೆ, ಮೋಟಾರಿನಿಂದ ಬಲಬದಿಯ ಮೀಸೆಗೆ, ಬಲದ ಚಕ್ರಕ್ಕೆ, ಬಲದ ಹಳಿಗೆ. ಎಡ ಬಲ ಎರಡೂ ನೇರವಾಗಿ ಎಲ್ಲೂ ಮುಟ್ಟಬಾರದು. ಮುಟ್ಟಿದರೆ ಎಲ್ಲ ಸುಟ್ಟಿತು. ಆದರೆ ಎರಡು ಬದಿಯ ಚಕ್ರಗಳೂ ಇರುವುದು ಒಂದೇ ಲೋಹದ ಅಚ್ಚಿನ ಮೇಲೆ! ಹಾಗಾಗಿ ಒಂದು ಬದಿಯ ಚಕ್ರದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ಉಂಗುರ ಕೂರಿಸಿದ್ದಾರೆ, ಕಣ್ಣಿಗೆ ಕಾಣಬೇಕಾದರೆ ಹುಡುಕಬೇಕು.

ಚಕ್ರ ಹಳಿಯನ್ನು ಮುಟ್ಟುವ ಜಾಗವೆಷ್ಟು? ಸೂಜಿಯ ಮೊನೆಯಷ್ಟು. ಮೀಸೆ ಚಕ್ರವನ್ನು ಮುಟ್ಟುವ ಜಾಗವೂ ಅಷ್ಟೇ. ಇಡೀ ಎಂಜಿನ್ನಿನ ಪ್ರಾಣ ಅಂಥ ಕೆಲವು ಮೊನೆಗಳ ಮೇಲೆ ನಿಂತಿದೆ. ಅದೂ ಓಡುತ್ತಾ!

ಆಮೇಲೆ ಅವರು ಎಂಜಿನ್ನಿನ ಅಡಿಗಟ್ಟು ತೋರಿಸಿದರು. ಚಕ್ರಗಳನ್ನೆಲ್ಲ ಹಿಡಿದಿಡುವ ಹಿತ್ತಾಳೆಯ ಚೌಕಟ್ಟು. ಇದರ ಹೆಸರು ಚಾಸಿ. (ಲಾರಿಯವರು ಹೇಳುವ ಅದೇ ಚಾಸಿ.)

"ನಮ್ಮ ಒಲಿ ಕಾಣಿ ಟೀಚರೇ. ಮೂರ್ ಕಲ್ಲ್. ಎಂತಕ್ಕೆ?"

ನಾನು ಯೋಚಿಸಿರಲೇ ಇಲ್ಲ. ಮೂರು ಕಲ್ಲಿನ ಮೇಲೆ ಎಂಥ ಓರೆಕೋರೆ ನೆಲದಲ್ಲೂ ಗಡಿಗೆ ಅಲುಗಾಡದೆ ಕೂರುತ್ತದೆ. ನಾಲ್ಕು ಕಾಲಿನ ಮೇಜಾದರೆ ಒಂದು ಕಾಲು ಯಾವಾಗಲೂ ಗಾಳಿಯಲ್ಲಿ. ಹೋಟೆಲಿನಲ್ಲಿ ಮೇಜಿನ ಕಾಲಿಗೆ ಕಾಗದ ಮಡಚಿ ಇಡುತ್ತೀರಲ್ಲ, ಅದೇ. ಹಾಗಾದರೆ ಆರು ಚಕ್ರದ ಎಂಜಿನ್ನಿನ ಕಥೆ? ಹಳಿಯಲ್ಲಿ ಕೂದಲೆಳೆಯ ಏರುಪೇರಿದ್ದರೂ ಎರಡು ಮೂರು ಚಕ್ರ ಮೇಲೆದ್ದಿರುತ್ತವೆ, ಒಂದು ಕಾಗದದಷ್ಟು. ಕಣ್ಣಿಗೆ ಗೊತ್ತಾಗುವುದಿಲ್ಲ. ಕರೆಂಟಿಗೆ ಗೊತ್ತಾಗುತ್ತದೆ.

ಗಿರಿಜಕ್ಕನ ಚಾಸಿಯಲ್ಲಿ ಹಿಂದಿನ ಅಚ್ಚು ಮಾತ್ರ ಗಟ್ಟಿ. ಮುಂದಿನ ಎರಡು ಅಚ್ಚುಗಳ ಮೇಲೆ ನಡುವೆ ಒಂದು ಪುಟ್ಟ ಹಿತ್ತಾಳೆಯ ದಂಡ, ತಕ್ಕಡಿಯ ಹಾಗೆ ನಡು ಮೊಳೆಯಲ್ಲಿ ತೂಗುತ್ತದೆ. ಮುಂದಿನ ಚಕ್ರ ಏರಿದರೆ ನಡುವಿನದ್ದು ಇಳಿಯುತ್ತದೆ. ಹಿಂದಿನ ಎರಡು ಚಕ್ರ ಎರಡು ಕಲ್ಲು, ಆ ದಂಡದ ಮೊಳೆ ಮೂರನೇ ಕಲ್ಲು. ಆರು ಚಕ್ರವೂ ಹಳಿಗೆ ಅಂಟಿ ಕೂರುತ್ತವೆ, ಯಾವಾಗಲೂ.

ಬೆಂಕಿಕಡ್ಡಿಯಷ್ಟು ಉದ್ದದ ಅದೊಂದು ದಂಡವನ್ನು ನಾನು ಎಷ್ಟು ಸಲ ಒತ್ತಿ ನೋಡಿದೆನೋ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಅಷ್ಟೇ. ಅಷ್ಟರಲ್ಲಿ ಆರು ಚಕ್ರದ ಜಗಳ ಮುಗಿದಿದೆ. ಮಂತ್ರಮುಗ್ಧಳಾಗಿ ಹೋದೆ ಎನ್ನಲು ನನಗೆ ನಾಚಿಕೆಯಿಲ್ಲ. ಇಷ್ಟು ವರ್ಷ ಮೂರು ಕಲ್ಲಿನ ಒಲೆಯಲ್ಲಿ ಬೇಯಿಸಿದ್ದನ್ನು ಉಂಡವಳು, ಒಂದು ದಿನವಾದರೂ ಆ ಒಲೆಯನ್ನು ನೋಡಿದ್ದೇನೆಯೇ?

ಗುರುವಾರ ಬಗ್ಗಿಸುವ ಕೆಲಸ ಶುರು. ಚಿಮಟ ನನ್ನ ಕೈಯಲ್ಲಿ. ಗಿರಿಜಕ್ಕ ಎದುರಿಗೆ, ಭೂತಗನ್ನಡಿ ಹಿಡಿದು. "ಬುಡದಗೆ ಹಿಡೀರಿ, ತುದಿ ಮುಟ್ಟುಕಾಗ." "ಹೋಯ್ತ್, ಜಾಸ್ತಿ ಆಯ್ತ್." "ಉಸ್ರ್ ಬಿಡಿ ಮಾರಾಯ್ರೆ, ಕೈ ನಡುಗತ್ತ್." ಎರಡು ಮೀಸೆ ಮುರಿದವು. ಹೊಸದನ್ನು ಅವರು ಹೇಳಿದಂತೆ ಕತ್ತರಿಸಿ ಬೆಸುಗೆ ಹಾಕಿದೆ. ಎಡಗೈ ತೋರುಬೆರಳಲ್ಲಿ ಬೊಬ್ಬೆ ಎದ್ದಿತು. (ಮರುದಿನ ತರಗತಿಯಲ್ಲಿ ಅದನ್ನು ಮಕ್ಕಳಿಗೆ ತೋರಿಸಿದೆ, ಪದಕದ ಹಾಗೆ.)

ಶುಕ್ರವಾರ ಸಂಜೆಯ ಹೊತ್ತಿಗೆ ಎಂಜಿನ್ ಓಡಿತು. ನಾನು ಕೈ ತಟ್ಟಿದೆ. ಆದರೆ ಕವಲಿನ ಹತ್ತಿರ ಬಂದು ನಿಂತಿತು. ಮತ್ತೊಂದು ಸುತ್ತು, ಮತ್ತೆ ಅಲ್ಲೇ. ಕವಲಿನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಕಡೆ ಒಂದು ಪ್ಲಾಸ್ಟಿಕ್ ತುಂಡಿದೆ. ಅಲ್ಲಿ ಕರೆಂಟಿಲ್ಲ. ಎಡದ ಮುಂದಿನ ಚಕ್ರ ಅದರ ಮೇಲೆ, ಹಿಂದಿನದ್ದು ಕವಲಿನ ಬಾಯಿಯ ಸಂದಿನ ಮೇಲೆ ಇರುವಾಗ ನಡುವಿನ ಚಕ್ರವೊಂದೇ ಭಾರ ಹೊರಬೇಕು. ಆ ನಡು ಮೀಸೆಯೇ ಕೈಕೊಡುತ್ತಿತ್ತು.

ಸರಿ, ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಇನ್ನೂ ಬೇಗ ನಿಂತಿತು.

ಯಾಕೆಂದು ಕೇಳಿದರೆ ಗಿರಿಜಕ್ಕ ನಕ್ಕರು, ಆ ವಾರದಲ್ಲಿ ಮೊದಲ ಸಲ. "ಬಿಗಿ ಮಾಡ್ರೆ ಮೀಸಿ ಚಕ್ರನ ಹಿಡ್ಕಂತ್ತ್. ಚಕ್ರ ಹಳಿಗ್ ಕೂರುದಿಲ್ಲ. ದಂಡ ಆಡುದಿಲ್ಲ. ಸಡ್ಲ ಮಾಡ್ರೆ ಕರೆಂಟೇ ಇಲ್ಲೆ. ಮುಟ್ಕ್, ಆರೆ ಹಿಡೀಕಾಗ."

ಮುಟ್ಟಬೇಕು, ಹಿಡಿಯಬಾರದು. ಇದನ್ನು ಇಟ್ಟುಕೊಂಡು ಮದುವೆ, ಮಕ್ಕಳು, ನೆರೆಹೊರೆ ಅಂತ ಎರಡು ಪ್ಯಾರಾ ಉಪದೇಶ ಬರೆಯಬಹುದು ಎಂದು ಅಂಕಣಕಾರ್ತಿಯ ಬುದ್ಧಿಗೆ ಕೂಡಲೇ ಹೊಳೆಯಿತು. ಬೇಡ. ನೀವು ಜಾಣರು. ಟಿವಿ ರಿಮೋಟನ್ನು ಅಂಗೈಗೆ ಬಡಿಯುತ್ತೀರಲ್ಲ, ಚಾರ್ಜರಿನ ವಯರನ್ನು ಒಂದು ಓರೆಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂರುತ್ತೀರಲ್ಲ, ಆಗ ನೀವು ಹುಡುಕುತ್ತಿರುವುದು ಇದನ್ನೇ ಎಂದಷ್ಟೇ ಹೇಳುತ್ತೇನೆ. ಅಂಥ ಒಂದೊಂದು ಮೊನೆಯನ್ನೂ ಎಲ್ಲೋ ಒಬ್ಬರು ಸ್ಟೂಲಿನ ಮೇಲೆ ಕೂತು ಬಗ್ಗಿಸಿರುತ್ತಾರೆ ಎಂದು ನನಗಂತೂ ಗೊತ್ತಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಸಂಜೆಯ ತನಕ ಆ ಒಂದು ಮೀಸೆಯ ಜೊತೆ ಹೋರಾಡಿದೆ. ಬಿಗಿ, ಸಡಿಲ, ಬಿಗಿ, ಸಡಿಲ. ಅವರಿಗೆ ಕಣ್ಣಲ್ಲಿ ಬಾಗು ಕಾಣುತ್ತದೆ, ಒತ್ತಡ ಕಾಣುವುದಿಲ್ಲ. ನನಗೆ ಬೆರಳಲ್ಲಿ ಒತ್ತಡ ಗೊತ್ತಾಗುತ್ತದೆ, ಆದರೆ ಎಷ್ಟು ಸರಿ ಎಂಬುದು ಗೊತ್ತಿಲ್ಲ. ಅವರ ಇಪ್ಪತ್ತೆರಡು ವರ್ಷ ಇರುವುದು ಆ ಸತ್ತ ಬೆರಳುಗಳಲ್ಲಿ. ಅದನ್ನು ನನ್ನ ಬೆರಳಿಗೆ ದಾಟಿಸುವುದು ಹೇಗೆ?

"ಆತಿಲ್ಲ ಬಿಡಿ" ಎಂದು ಗಿರಿಜಕ್ಕ ಎದ್ದರು. ಬಾಗಿಲ ತನಕ ಹೋಗಿ ನಿಂತರು. ಅಲ್ಲಿಂದಲೇ ತಿರುಗಿ ಬಂದರು. ಫಲಕವನ್ನು ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, ಆ ಮೀಸೆಯ ತುದಿಯನ್ನು ಕೆಳತುಟಿಗೆ ಒತ್ತಿದರು.

ಹಾಗೆಯೇ ಸ್ವಲ್ಪ ಹೊತ್ತು ನಿಂತರು.

"ತುಟಿಗ್ ಗೊತ್ತಾತ್ತ್ ಟೀಚರೇ" ಎಂದರು, ಪಿಸುಮಾತಿನಲ್ಲಿ. "ತುಟಿಗ್ ಗೊತ್ತಾತ್ತ್! ಇದ್ ಜಾಸ್ತಿ. ಚಿಮಟ ಇಲ್ಲ್ ಕೊಡಿ."

ಚಿಮಟವನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದು, ಕಣ್ಣಿನಿಂದ ಜಾಗ ನೋಡಿ, ತಾವೇ ಬಗ್ಗಿಸಿದರು. ಬಗ್ಗಿಸುವುದು, ತುಟಿಗೆ ಹಿಡಿಯುವುದು. ಬಗ್ಗಿಸುವುದು, ತುಟಿಗೆ ಹಿಡಿಯುವುದು. ಎಂಟೋ ಹತ್ತೋ ಸಲ. ಫಲಕ ಸ್ಕ್ರೂ ಮಾಡಿ ಎಂಜಿನ್ನನ್ನು ಹಳಿಗಿಟ್ಟರೆ, ಕವಲನ್ನು ಅದು ಕವಲೇ ಅಲ್ಲ ಎಂಬಂತೆ ದಾಟಿತು. ಉಳಿದ ಐದನ್ನೂ ಸರಿ ಮಾಡೋಣ ಎಂದೆ. ತುಟಿಯಲ್ಲಿ ಸಣ್ಣಗೆ ರಕ್ತ ಜಿನುಗುತ್ತಿತ್ತು. ಓಡುತ್ತಿದೆಯಲ್ಲ, ಸಾಕು ಎಂದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಬಂದರು. ಸುಶೀಲಕ್ಕ ಮತ್ತು ಇಬ್ಬರು ಮರಾಠಿ ಹೆಂಗಸರು, ಹಣೆಯಲ್ಲಿ ಕೊಲ್ಲೂರಿನ ಕುಂಕುಮ. ಗೋಳಿಬಜೆ, ಚಹಾ ಮುಗಿಯಿತು. ಸೊಂಟನೋವು, ಸೊಸೆಯಂದಿರು, ಸತ್ತವರು, ಎಲ್ಲ ಮಾತಾಡಿಯಾಯಿತು. ನನ್ನನ್ನು ಗಿರಿಜಕ್ಕ "ಟೀಚರ್, ಬಾಜು ಮನಿ" ಎಂದು ಪರಿಚಯಿಸಿದರು. ನನ್ನ ಬೊಬ್ಬೆಯ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನಂತರ ಬಲೆ ಕೋಣೆಗೆ ಹೋದೆವು.

ಗಿರಿಜಕ್ಕ ಗುಂಡಿಯನ್ನು ಎಷ್ಟು ಸಣ್ಣಕ್ಕೆ ತಿರುಗಿಸಿದರೆಂದರೆ ಎಂಜಿನ್ ಹೊರಟದ್ದೇ ಯಾರಿಗೂ ತಿಳಿಯಲಿಲ್ಲ. ಜೋರಾಗಿ ಓಡಿಸುವುದು ಸುಲಭವಂತೆ. ಒಂದೆರಡು ಕಡೆ ಕರೆಂಟು ತಪ್ಪಿದರೂ ಓಟದ ರಭಸಕ್ಕೆ ದಾಟಿಬಿಡುತ್ತದೆ. ಇರುವೆಯ ಹಾಗೆ ನಡೆಸುವುದೇ ಕಷ್ಟ. ಅಲ್ಲಿ ಒಂದು ಮೀಸೆ ಸುಳ್ಳು ಹೇಳಿದರೂ ಸಿಕ್ಕಿಬೀಳುತ್ತದೆ. ಎಂಜಿನ್ ಇರುವೆಯ ಹಾಗೆಯೇ ನಡೆಯಿತು. ಚಕ್ರದ ಒಂದೊಂದು ಕಡ್ಡಿಯನ್ನೂ ಎಣಿಸಬಹುದಿತ್ತು. ಸದ್ದೇ ಇಲ್ಲ. ಕವಲು ಬಂತು. ನನ್ನ ಉಸಿರು ನಿಂತಿತು, ಎಂಜಿನ್ ನಿಲ್ಲಲಿಲ್ಲ.

"ಅಗ ಬಾಯಿ!" ಎಂದು ಬೆರಗಾದರು ಮರಾಠಿ ಹೆಂಗಸರಲ್ಲಿ ಒಬ್ಬರು.

ಸುಶೀಲಕ್ಕ ಬಗ್ಗಿ, ಹಳಿಯ ಮಟ್ಟಕ್ಕೆ ಕಣ್ಣು ತಂದು ನೋಡುತ್ತಲೇ ಇದ್ದರು. ಒಂದು ಪೂರ್ತಿ ಸುತ್ತಾದ ಮೇಲೆ ಕೇಳಿದರು, "ಒಳ್ಗೆ ನಮ್ ಪಟ್ಟಿಯಾ?"

"ಅದೇ. ನಾವ್ ಬಗ್ಗಿಸ್ತಿದ್ದದ್ದೇ" ಎಂದರು ಗಿರಿಜಕ್ಕ.

ಆ ಮೂವರು ಹೆಂಗಸರ ಮುಖ ನೀವು ನೋಡಬೇಕಿತ್ತು. ಜೀವಮಾನವಿಡೀ ಲಕ್ಷಗಟ್ಟಲೆ ಬಗ್ಗಿಸಿ, ಡಬ್ಬಿಗೆ ತುಂಬಿ ಕಳಿಸಿದವರು. ಈಗ ಮೊದಲ ಸಲ ಅದು ನಡೆಯುವುದನ್ನು ನೋಡುತ್ತಿದ್ದಾರೆ. ಒಬ್ಬರು ಕೈ ಮುಗಿದೇಬಿಟ್ಟರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಸುಶೀಲಕ್ಕ ಎಂಜಿನ್ನನ್ನು ಎತ್ತಿಕೊಂಡು ಮಗುಚಿದರು. ಕನ್ನಡಕ ತೆಗೆದಿಟ್ಟರು. ಕಿರುಬೆರಳಿನ ತುದಿಯಲ್ಲಿ ಮೊದಲ ಮೀಸೆಯನ್ನು ಮುಟ್ಟಿದರು.

"ಇದ್ ನಿನ್ ಕೈ ಅಲ್ಲ."

ಎರಡನೆಯದಕ್ಕೆ ಹೋದರು. "ಇದೂ ಅಲ್ಲ." ಮೂರು, ನಾಲ್ಕು, ಐದು. "ಇದ್ ಯಾರೋ ಹೊಸ್ಬರ್. ಹೆದ್ರಿ ಹೆದ್ರಿ ಬಗ್ಗಿಸಿದ್ರ್." ಆರನೆಯದು, ಎಡದ ನಡುವಿನದ್ದು. ಅದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. "ಹಾಂ. ಇದ್ ನಿಂದ್."

ನಾನು ಏನಾದರೂ ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಗಿರಿಜಕ್ಕ ಬೇಡ ಎಂಬಂತೆ ತಲೆಯಾಡಿಸಿ, ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿದರು.

"ಬೆರಳ್ ಹೋಯ್ತ್ ಸುಶೀಲಾ."

ಸುಶೀಲಕ್ಕ ಅಯ್ಯೋ ಪಾಪ ಎನ್ನಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಒಂದೊಂದೇ ಬೆರಳ ತುದಿಯನ್ನು ಉಗುರಿನಲ್ಲಿ ಒತ್ತುತ್ತಾ ಹೋದರು, ತಪಾಸಣೆ ಮಾಡುವವರ ಹಾಗೆ. "ಇಲ್ಲಿ?" "ಇಲ್ಲೆ." "ಇಲ್ಲಿ?" "ಇಲ್ಲೆ." ಹತ್ತು ಬೆರಳೂ ಮುಗಿಯಿತು.

"ಮತ್ತೆ ಇದೊಂದ್ ಹೇಂಗ್ ಮಾಡ್ದೆ?"

ಗಿರಿಜಕ್ಕ ಕೆಳತುಟಿ ಮುಟ್ಟಿ ತೋರಿಸಿದರು. ಅದರ ಮೇಲೆ ಸಾಸಿವೆಯಷ್ಟು ಹೆಪ್ಪು.

ಸುಶೀಲಕ್ಕ ಅವರನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಗಿರಿಜಕ್ಕನ ಎಡಬದಿಗೆ ಕುಳಿತರು. ಅದೇ ಅವರ ಹಳೆಯ ಜಾಗವಂತೆ. "ಚಿಮಟ ಕೊಡ್. ಬಾಕಿ ಐದ್ ನಾನ್ ಬಗ್ಗಿಸ್ತೆ, ನೀ ತುಟಿಗ್ ಹಿಡ್ದ್ ಹೇಳ್. ಈ ಹೊಸ್ಬರ್ದ್ ಇಟ್ಕಂಡ್ ನಮ್ ಡಿಪಾರ್ಟ್‌ಮೆಂಟಿನ ಮರ್ಯಾದಿ ತೆಗಿಬೇಡ." ಹಾಗೆ ಹೇಳುವಾಗ ಅವರ ಧ್ವನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿತ್ತು. ಮರಾಠಿ ಹೆಂಗಸರಲ್ಲಿ ಒಬ್ಬರು ಲೈಟು ಹಿಡಿದರು, ಇನ್ನೊಬ್ಬರು ಹತ್ತಿ ಕಡ್ಡಿ.

ನಾನು ಬೆವರು ಸುರಿಸಿ, ಬೊಬ್ಬೆ ಎಬ್ಬಿಸಿಕೊಂಡು ಮಾಡಿದ ಐದೂ ಮೀಸೆಗಳನ್ನು ನನ್ನ ಕಣ್ಣೆದುರೇ ಬಿಚ್ಚಿ ಹಾಕಿದರು. ಅವಮಾನ ಆಯಿತೇ? ಇಲ್ಲ ಮಾರಾಯರೆ. ಮೂಲೆಯಲ್ಲಿ ಬಲೆಯ ಗಂಟಿನ ಮೇಲೆ ಕುಳಿತು, ಅಷ್ಟು ಸಂತೋಷವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನೋಡುತ್ತಿದ್ದೆ. "ಜಾಸ್ತಿ." "ಈಗ?" "ಒಂಚೂರ್." "ಈಗ?" "ಹಾಂ." ಮಾತು ಅಷ್ಟೇ. ಅವರ ಬಸ್ಸು ತಪ್ಪಿತು. ಇನ್ನೊಂದೂ ತಪ್ಪಿತು. ಯಾರೂ ಗಡಿಯಾರ ನೋಡಲಿಲ್ಲ.

ಮನೆಗೆ ಬಂದು ಈ ಅಂಕಣ ಬರೆಯಲು ಕುಳಿತೆ. ಒಂದೇ ಪ್ರಶ್ನೆ ಕಾಡುತ್ತಿದೆ. ಇಷ್ಟು ವರ್ಷದಿಂದ ವಾರವಾರ ಬರೆಯುತ್ತಿದ್ದೇನಲ್ಲ, ಮೇಲಿನ ಹೆಸರು ಅಳಿಸಿ ಆರು ಸಾಲು ನಿಮ್ಮ ಕೈಗಿಟ್ಟರೆ, ಇದು ನಿನ್ನದು, ಇದು ನಿನ್ನದಲ್ಲ ಎಂದು ಮುಖಕ್ಕೆ ಹೇಳುವವರು ನಿಮ್ಮಲ್ಲಿ ಒಬ್ಬರಾದರೂ ಇದ್ದೀರಾ?